ಜನಗಣತಿಯಲ್ಲಿ ‘ಕೆಲಸಗಾರ’ ಎಂದು ಯಾರನ್ನು ಎಣಿಸುತ್ತಾರೆ?

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿ

ಗ್ರಾಮೀಣ ಮಹಿಳೆಯರ ದುಡಿಮೆಯ ಕುರಿತು ಒಂದು ಕಿರುಪ್ರಬಂಧವನ್ನು ಸಿದ್ಧಪಡಿಸುತ್ತಿದ್ದು, ಅದಕ್ಕಾಗಿ 2011ರ ಜನಗಣತಿಯ ಕೋಷ್ಟಕಗಳನ್ನೂ ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ (ನಿಯತಕಾಲಿಕ ಶ್ರಮಶಕ್ತಿ) ಸಮೀಕ್ಷೆಯ ವರದಿಗಳನ್ನೂ ಜೊತೆಗಿಟ್ಟುಕೊಂಡು ಓದುತ್ತಿದ್ದೇನೆ. ಜನಗಣತಿಯ ಪ್ರಕಾರ ದೇಶದ ಜನರಲ್ಲಿ ಶೇ 39.8ರಷ್ಟು ಮಂದಿ ಕೆಲಸಗಾರರು. ಪುರುಷರಲ್ಲಿ ಈ ಪ್ರಮಾಣ ಶೇ 53.3, ಮಹಿಳೆಯರಲ್ಲಿ ಶೇ 25.5. ಹೀಗೆ ಎಣಿಕೆಯಾದ ಸುಮಾರು 48 ಕೋಟಿ ಜನರಲ್ಲಿ ಹೆಚ್ಚುಕಡಿಮೆ ಕಾಲುಭಾಗ ‘ಅಂಚಿನ ಕೆಲಸಗಾರರು’ ಎಂಬ ಗುಂಪಿನಲ್ಲಿದ್ದಾರೆ. ಸಮೀಕ್ಷೆಯ ಅಂಕಿಗಳು ಇವುಗಳೊಂದಿಗೆ ಎಲ್ಲಿಯೂ ಹೊಂದಿಕೊಳ್ಳುತ್ತಿಲ್ಲ.

ನನ್ನ ಸಂದೇಹಗಳು ಇವು. ಮನೆಯ ಹಸುವಿನ ಹಾಲು ಕರೆದು, ಸುಗ್ಗಿಯಲ್ಲಿ ಸ್ವಂತ ಹೊಲಕ್ಕೆ ಹೋಗಿ, ಉಳಿದ ದಿನ ಅಡುಗೆ ಮತ್ತು ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಮಹಿಳೆ ಜನಗಣತಿಯ ಕಣ್ಣಿಗೆ ಕೆಲಸಗಾರಳೋ ಅಲ್ಲವೋ? ಅದನ್ನು ನಿರ್ಧರಿಸುವವರು ಯಾರು? 1961ರಿಂದ 1971ಕ್ಕೆ ಬರುವಷ್ಟರಲ್ಲಿ ಮಹಿಳಾ ಕೆಲಸಗಾರರ ಸಂಖ್ಯೆ ಅರ್ಧದಷ್ಟಕ್ಕೆ ಇಳಿದಂತೆ ಕಾಣುವುದಕ್ಕೆ ಕಾರಣವೇನು? ಜನಗಣತಿಯ ಅಂಕಿಗಳಿಂದ ನಿರುದ್ಯೋಗದ ಪ್ರಮಾಣವನ್ನು ಲೆಕ್ಕ ಹಾಕಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಉತ್ತರ: ಗಣತಿ ಕೆಲಸ ಮಾಡಿದ ಶಿಕ್ಷಕ

ಎರಡು ಗಣತಿಗಳಲ್ಲಿ ಗಣತಿದಾರನಾಗಿ ಮನೆಮನೆಗೆ ಹೋದವನು ನಾನು. ನಿಮ್ಮ ಮೊದಲೆರಡು ಪ್ರಶ್ನೆಗಳಿಗೆ ನಮೂನೆಯ ಕಡೆಯಿಂದ ಉತ್ತರಿಸುತ್ತೇನೆ.

2011ರ ಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆರ್ಥಿಕ ಚಟುವಟಿಕೆಯ ಭಾಗಕ್ಕೆ ಬಂದಾಗ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ, ಈ ವ್ಯಕ್ತಿ ಕಳೆದ ಒಂದು ವರ್ಷದಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದಾರೆಯೇ ಎಂಬುದು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆ ದುಡಿದವರು ಅಂಚಿನ ಕೆಲಸಗಾರರು. ಅಂಚಿನವರನ್ನು ಮೂರರಿಂದ ಆರು ತಿಂಗಳು ದುಡಿದವರು, ಮೂರು ತಿಂಗಳಿಗೂ ಕಡಿಮೆ ದುಡಿದವರು ಎಂದು ಬೇರ್ಪಡಿಸಿದ್ದು ಆ ಗಣತಿಯಲ್ಲಿಯೇ. ವರ್ಷವಿಡೀ ಏನೂ ದುಡಿಯದವರು ಮಾತ್ರ ‘ಕೆಲಸ ಮಾಡದವರು’. ಇಲ್ಲಿ ವಯಸ್ಸಿನ ಮಿತಿ ಇಲ್ಲ. 5ರಿಂದ 14ರ ವಯಸ್ಸಿನ ಸುಮಾರು ಒಂದು ಕೋಟಿ ಮಕ್ಕಳು ಕೆಲಸಗಾರರೆಂದು 2011ರಲ್ಲಿ ದಾಖಲಾಗಿದ್ದಕ್ಕೆ ಇದೇ ದಾರಿ.

ಕೆಲಸ ಎಂದರೆ ಕೂಲಿ, ಸಂಬಳ ಅಥವಾ ಲಾಭ ತರುವುದಷ್ಟೇ ಅಲ್ಲ. ಮನೆಯ ಹೊಲದಲ್ಲಿ ಅಥವಾ ಮನೆಯವರ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿದರೂ ಅದು ಕೆಲಸವೇ. ಮನೆಯ ಬಳಕೆಗೆಂದೇ ಬೆಳೆ ಬೆಳೆದರೂ, ಮನೆಯ ಬಳಕೆಗೆಂದೇ ಹಾಲು ಉತ್ಪಾದಿಸಿದರೂ ಅದನ್ನು ಕೆಲಸವೆಂದು ಪರಿಗಣಿಸಬೇಕೆಂಬ ನಿಯಮವಿದೆ. ಆದುದರಿಂದ ನೀವು ಹೇಳಿದ ಮಹಿಳೆ ನಿಯಮದ ಪ್ರಕಾರ ನಿಸ್ಸಂದೇಹವಾಗಿ ಕೆಲಸಗಾರಳು. ಮುಖ್ಯವೋ ಅಂಚೋ ಎಂಬುದು ತಿಂಗಳುಗಳ ಲೆಕ್ಕಕ್ಕೆ ಬಿಟ್ಟದ್ದು. ಅಡುಗೆ, ಮಕ್ಕಳ ಪಾಲನೆ, ಮನೆ ಗುಡಿಸುವುದು ಮಾತ್ರ ಎಷ್ಟೇ ಶ್ರಮದ್ದಾದರೂ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ನಿಯಮಕ್ಕೂ ಬಾಗಿಲಲ್ಲಿ ಸಿಗುವ ಉತ್ತರಕ್ಕೂ ನಡುವೆ ಬಹಳ ಅಂತರವಿದೆ. ಮನೆಯ ಯಜಮಾನರು ಎಲ್ಲರ ಪರವಾಗಿ ಉತ್ತರಿಸುತ್ತಾರೆ. ಹೆಂಡತಿ ಏನು ಮಾಡುತ್ತಾರೆ ಎಂದು ಕೇಳಿದರೆ ‘ಏನಿಲ್ಲ ಸರ್, ಮನೇಲೇ ಇರ್ತಾಳೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಟ್ಟಿಯಲ್ಲಿ ಹಸು ಕಟ್ಟಿರುವುದು ಕಣ್ಣಿಗೆ ಕಾಣುತ್ತಿದ್ದರೆ ಅದರ ಮೇವು, ಹಾಲು ನೋಡಿಕೊಳ್ಳುವವರು ಯಾರು, ಕಳೆ ಕೀಳಲು ಯಾರು ಹೋಗುತ್ತಾರೆ ಎಂದು ಬಿಡಿಸಿ ಬಿಡಿಸಿ ಕೇಳಬೇಕು. ಮಹಿಳೆಯರ ವಿಷಯದಲ್ಲಿ ಹೀಗೆ ಕೆದಕಿ ಕೇಳಬೇಕೆಂದು ತರಬೇತಿಯಲ್ಲಿಯೂ ಕೈಪಿಡಿಯಲ್ಲಿಯೂ ಒತ್ತಿ ಹೇಳಿರುತ್ತಾರೆ. ಆದರೆ ಶಾಲೆ ಮುಗಿಸಿ, ಸಂಜೆಯೊಳಗೆ ನಿಗದಿತ ಮನೆಗಳನ್ನು ಮುಗಿಸಬೇಕಾದ ಗಣತಿದಾರರೆಲ್ಲರೂ ಒಂದೇ ತಾಳ್ಮೆಯಿಂದ ಕೆದಕುತ್ತಾರೆಂದು ನಾನು ಹೇಳಲಾರೆ. ಅಕ್ಕಪಕ್ಕದ ಎರಡು ಗ್ರಾಮಗಳ ನಡುವೆ ಮಹಿಳೆಯರ ದುಡಿಮೆಯ ಪ್ರಮಾಣ ವಿಪರೀತ ಬೇರೆಯಾಗಿ ಕಂಡರೆ, ಬೆಳೆಯನ್ನು ನೋಡುವ ಮೊದಲು ಪ್ರಶ್ನೆ ಕೇಳಿದ ಬಗೆಯನ್ನು ಶಂಕಿಸುವುದು ಒಳ್ಳೆಯದು.

ಕೆಲಸಗಾರರೆಂದು ತೀರ್ಮಾನವಾದ ಬಳಿಕ ಅವರನ್ನು ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು, ಇತರ ಕೆಲಸಗಾರರು ಎಂಬ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತೇವೆ. ಎರಡು ತಿಂಗಳು ಸ್ವಂತ ತುಂಡು ಭೂಮಿಯಲ್ಲಿಯೂ ಐದು ತಿಂಗಳು ಬೇರೆಯವರ ಹೊಲದಲ್ಲಿ ಕೂಲಿಗೂ ದುಡಿದವರು, ಒಟ್ಟು ಏಳು ತಿಂಗಳಾದ್ದರಿಂದ ಮುಖ್ಯ ಕೆಲಸಗಾರರಾಗುತ್ತಾರೆ. ಹೆಚ್ಚು ಕಾಲ ಕೂಲಿಯಲ್ಲಿ ಕಳೆದುದರಿಂದ ಕೃಷಿ ಕಾರ್ಮಿಕರಾಗುತ್ತಾರೆ. ಬದುವಿನ ಮೇಲೆ ನಿಂತು ಉಸ್ತುವಾರಿ ಮಾಡುವ ಜಮೀನುದಾರರೂ ಸಾಗುವಳಿದಾರರೇ. ಬೆಳೆಯ ನಷ್ಟದ ಹೊಣೆ ಹೊತ್ತು ಪಾಲಿಗೆ ಬಿತ್ತುವವರು ಸಾಗುವಳಿದಾರರು. ಹೊಣೆಯಿಲ್ಲದೆ, ಪಾಲನ್ನೇ ಕೂಲಿಯಾಗಿ ಪಡೆಯುವವರು ಕೃಷಿ ಕಾರ್ಮಿಕರು.

ಮಲೆನಾಡಿನ ಅಥವಾ ಕರಾವಳಿಯ ಜಿಲ್ಲೆಯನ್ನು ನೀವು ಆರಿಸಿಕೊಂಡಿದ್ದರೆ ಇನ್ನೊಂದು ಸಂಗತಿಯನ್ನು ನೆನಪಿಡಿ. ಜನಗಣತಿಯ ವ್ಯಾಖ್ಯೆಯಲ್ಲಿ ಚಹಾ, ಕಾಫಿ, ರಬ್ಬರ್, ತೆಂಗು ಮತ್ತು ಅಡಿಕೆ ಸಾಗುವಳಿಯೊಳಗೆ ಬರುವುದಿಲ್ಲ. ಅವು ಪ್ಲಾಂಟೇಶನ್ ಬೆಳೆಗಳೆಂದು ಹೊರಗುಳಿಯುತ್ತವೆ. ಅಡಿಕೆ ತೋಟದ ಒಡೆಯರೂ ಕಾಫಿ ತೋಟದ ಆಳುಗಳೂ ‘ಇತರ ಕೆಲಸಗಾರರು’ ಎಂಬ ವರ್ಗದಲ್ಲಿ ಬ್ಯಾಂಕ್ ಗುಮಾಸ್ತರ ಪಕ್ಕದಲ್ಲಿ ಕುಳಿತಿರುತ್ತಾರೆ. ಆ ವರ್ಗ ದೊಡ್ಡದಾಗಿರುವುದನ್ನು ನೋಡಿ ಆ ತಾಲ್ಲೂಕು ಕೃಷಿಯನ್ನು ಬಿಟ್ಟಿತೆಂದು ಬರೆದುಬಿಟ್ಟ ಪ್ರಬಂಧಗಳನ್ನು ನಾನು ಓದಿದ್ದೇನೆ.

ಉತ್ತರ: ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ

ಶಿಕ್ಷಕರ ವಿವರಣೆ ಬಹಳ ಉಪಯುಕ್ತವಾಗಿದೆ. ನಾನು 1961 ಮತ್ತು 1971ರ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಗಣತಿಯಲ್ಲಿ ಉದ್ಯೋಗವನ್ನು ಅಳೆಯುವುದೆಂದರೆ ಏನೆಂಬುದು ಆ ಹತ್ತು ವರ್ಷಗಳ ಅಂತರದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಇನ್ನೆಲ್ಲಿಯೂ ಕಾಣುವುದಿಲ್ಲ.

1951ರ ಗಣತಿ ಜನರನ್ನು ಆದಾಯದ ಆಧಾರದ ಮೇಲೆ ವಿಂಗಡಿಸಿತ್ತು: ತಮ್ಮ ದುಡಿಮೆಯಿಂದ ತಾವು ಬದುಕುವವರು, ಗಳಿಸುವ ಅವಲಂಬಿತರು, ಗಳಿಸದ ಅವಲಂಬಿತರು ಎಂದು. 1961ರಲ್ಲಿ ಆದಾಯವನ್ನು ಬಿಟ್ಟು ಕೆಲಸವನ್ನೇ ಆಧಾರವಾಗಿಸಿಕೊಂಡರು. ಬೇಸಾಯದಂತಹ ಋತುಮಾನದ ಕೆಲಸವಾದರೆ, ಆ ಹಂಗಾಮಿನ ಹೆಚ್ಚಿನ ಭಾಗದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ನಿಯತವಾಗಿ ದುಡಿದರೆ ಸಾಕಿತ್ತು. ವರ್ಷವಿಡೀ ನಡೆಯುವ ಕೆಲಸವಾದರೆ, ಗಣತಿದಾರರು ಬರುವ ಹಿಂದಿನ ಹದಿನೈದು ದಿನಗಳಲ್ಲಿ ಒಂದು ದಿನವಾದರೂ ಕೆಲಸದಲ್ಲಿದ್ದರೆ ಸಾಕಿತ್ತು. ಜರಡಿಯ ಕಣ್ಣು ದೊಡ್ಡದಾಗಿದ್ದುದರಿಂದ ಮನೆಗೆಲಸದ ನಡುವೆ ಹೊಲಕ್ಕೂ ಹೋಗಿಬರುತ್ತಿದ್ದ ಅಸಂಖ್ಯ ಮಹಿಳೆಯರು ಕೆಲಸಗಾರರ ಲೆಕ್ಕಕ್ಕೆ ಬಂದರು. ಮಹಿಳೆಯರ ಪ್ರಮಾಣ ಶೇ 28ರ ಹತ್ತಿರಕ್ಕೆ ಬಂದು ನಿಂತದ್ದು ಹೀಗೆ.

1971ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ‘ನಿಮ್ಮ ಮುಖ್ಯ ಚಟುವಟಿಕೆ ಯಾವುದು’ ಎಂದು ಕೇಳಿ, ಮೊದಲು ಅದರ ಮೇಲೆ ವ್ಯಕ್ತಿಯನ್ನು ಕೆಲಸಗಾರ ಅಥವಾ ಕೆಲಸ ಮಾಡದವ ಎಂದು ತೀರ್ಮಾನಿಸಿ, ಉಳಿದ ಕೆಲಸವೇನಿದ್ದರೂ ಅದನ್ನು ಎರಡನೆಯದಾಗಿ ಬರೆದುಕೊಂಡರು. ಬೆಳಗಿನಿಂದ ರಾತ್ರಿಯವರೆಗೆ ಮನೆವಾರ್ತೆ ನೋಡಿಕೊಳ್ಳುವ ಮಹಿಳೆಗೆ ಇಂತಹ ಪ್ರಶ್ನೆ ಕೇಳಿದರೆ ಸಿಗುವ ಉತ್ತರ ಒಂದೇ. ಹೊಲದಲ್ಲಿ ಅವರು ಮೊದಲಿನಷ್ಟೇ ದುಡಿಯುತ್ತಿದ್ದರು; ಗಣತಿಯ ಮುಖ್ಯ ಅಂಕಣದಿಂದ ಮಾತ್ರ ಹೊರಬಿದ್ದರು. ಸುಮಾರು 5.9 ಕೋಟಿ ಇದ್ದ ಮಹಿಳಾ ಕೆಲಸಗಾರರ ಸಂಖ್ಯೆ 3.1 ಕೋಟಿಗೆ ಇಳಿಯಿತು. ಆ ಹತ್ತು ವರ್ಷಗಳಲ್ಲಿ ಯಂತ್ರಗಳು ಬಂದು ಮಹಿಳೆಯರ ಕೆಲಸ ಕಸಿದವು ಎಂದೆಲ್ಲ ವಾದಿಸುವವರನ್ನು ನಾನು ಕೇಳಿದ್ದೇನೆ. ಕೆಲವೆಡೆ ಅದೂ ನಡೆದಿರಬಹುದು. ಆದರೆ ಇಷ್ಟು ದೊಡ್ಡ ಕುಸಿತದ ಬಹುಪಾಲು ಪ್ರಶ್ನೆಯ ರಚನೆಯಿಂದಲೇ ಹುಟ್ಟಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ಅತಿಗಳ ನಡುವೆ ರಾಜಿಯಾಗಿ 1981ರಲ್ಲಿ ಮುಖ್ಯ ಕೆಲಸಗಾರರು, ಅಂಚಿನ ಕೆಲಸಗಾರರು, ಕೆಲಸ ಮಾಡದವರು ಎಂಬ ಮೂರು ಗುಂಪುಗಳು ಬಂದವು. 183 ದಿನ ಗಡಿಯಾಯಿತು. 1991ರಲ್ಲಿ ಹೊಲದ ಅಥವಾ ಮನೆಯ ಉದ್ಯಮದ ವೇತನರಹಿತ ಕೆಲಸವೂ ಸೇರಿದಂತೆ ಎಂಬ ಮಾತನ್ನು ಪ್ರಶ್ನೆಯೊಳಗೇ ಸೇರಿಸಿದರು. ಅದುವರೆಗೆ ಒಂಬತ್ತಿದ್ದ ಕೈಗಾರಿಕಾ ವರ್ಗಗಳು 2001ರಲ್ಲಿ ನಾಲ್ಕಾದವು.

ಇದು ಭಾರತಕ್ಕಷ್ಟೇ ಸೇರಿದ ಕತೆಯಲ್ಲ. ಇಂಗ್ಲೆಂಡಿನ ಹತ್ತೊಂಬತ್ತನೆಯ ಶತಮಾನದ ನಡುಭಾಗದ ಗಣತಿಗಳು ಗೃಹಿಣಿಯರಿಗೂ ವೃತ್ತಿಗಳ ಪಟ್ಟಿಯಲ್ಲಿ ಒಂದು ವರ್ಗ ಕೊಟ್ಟಿದ್ದವು. 1881ರಲ್ಲಿ ಅವರನ್ನು ವೃತ್ತಿಯಿಲ್ಲದವರ ಗುಂಪಿಗೆ ಸರಿಸಲಾಯಿತು. ಅಮೆರಿಕದ ಗಣತಿಗಳು 1930ರವರೆಗೆ ಒಬ್ಬರಿಗೆ ರೂಢಿಯಲ್ಲಿ ಇರುವ ವೃತ್ತಿ ಯಾವುದೆಂದು ಕೇಳುತ್ತಿದ್ದವು. ಬಡಗಿಯೆಂದು ಹೇಳಿಕೊಂಡವರು ಆ ವಾರ ಕೆಲಸದಲ್ಲಿದ್ದರೋ, ತಿಂಗಳುಗಟ್ಟಲೆ ಖಾಲಿ ಕುಳಿತಿದ್ದರೋ ಎಂಬುದು ಆ ಉತ್ತರದಲ್ಲಿ ಕಾಣುತ್ತಿರಲಿಲ್ಲ. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಆ ಕೊರತೆ ಎಲ್ಲರಿಗೂ ಎದ್ದು ಕಂಡಿತು. 1940ರ ಗಣತಿಯಲ್ಲಿ ಮಾರ್ಚ್ 24ರಿಂದ 30ರವರೆಗಿನ ಒಂದು ನಿರ್ದಿಷ್ಟ ವಾರವನ್ನು ಹಿಡಿದು, ಆ ವಾರ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಇಂದಿನ ಶ್ರಮಶಕ್ತಿ ಅಂಕಿಅಂಶಗಳ ತಾಯಿಬೇರು ಅದು.

ಉತ್ತರ: ಸಮೀಕ್ಷೆಯ ಕೆಲಸದಲ್ಲಿರುವವಳು

ಮಾದರಿ ಸಮೀಕ್ಷೆಗಳ ದತ್ತಾಂಶದೊಂದಿಗೆ ನಿತ್ಯ ಕೆಲಸ ಮಾಡುವವಳಾಗಿ, ಪಿಎಲ್‌ಎಫ್‌ಎಸ್ ಜೊತೆಗಿನ ಹೋಲಿಕೆಯ ಬಗ್ಗೆ ಬರೆಯುತ್ತೇನೆ.

ಮೊದಲು ಛೇದವನ್ನು ನೋಡಿಕೊಳ್ಳಿ. ಜನಗಣತಿಯ ಶೇ 39.8 ಎಂಬುದು ಹಸುಗೂಸಿನಿಂದ ಹಿಡಿದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಜನಸಂಖ್ಯೆಯ ಪಾಲು. ಸಮೀಕ್ಷೆಯ ವರದಿಗಳಲ್ಲಿ ಮತ್ತು ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು 15 ವರ್ಷ ಮತ್ತು ಮೇಲ್ಪಟ್ಟವರಲ್ಲಿನ ಪಾಲು. ನಿಮ್ಮ ಗೊಂದಲದ ಒಂದು ದೊಡ್ಡ ಭಾಗ ಇಲ್ಲಿಯೇ ಬಗೆಹರಿಯಬಹುದು.

ಆಮೇಲೆ ಅವಧಿ. ಪಿಎಲ್‌ಎಫ್‌ಎಸ್ ಆರಂಭವಾದದ್ದು 2017ರಲ್ಲಿ. ಅದಕ್ಕೆ ಮೊದಲು ರಾಷ್ಟ್ರೀಯ ಮಾದರಿ ಸಮೀಕ್ಷಾ ಕಚೇರಿ ಸುಮಾರು ಐದು ವರ್ಷಕ್ಕೊಮ್ಮೆ ಉದ್ಯೋಗ ಸಮೀಕ್ಷೆ ನಡೆಸುತ್ತಿತ್ತು. ಇದರಲ್ಲಿ ಎರಡು ಅಳತೆಗಳಿವೆ. ಸಾಮಾನ್ಯ ಸ್ಥಿತಿಯ ಅಳತೆ ಜನಗಣತಿಯಂತೆಯೇ ಹಿಂದಿನ 365 ದಿನಗಳನ್ನು ನೋಡುತ್ತದೆ. ಆದರೆ ಮುಖ್ಯವಾಗಿ ದುಡಿಯದವರೂ ಕನಿಷ್ಠ 30 ದಿನ ಉಪಕೆಲಸ ಮಾಡಿದ್ದರೆ ಅವರನ್ನು ಕೆಲಸದಲ್ಲಿರುವವರೆಂದು ಸೇರಿಸಿಕೊಳ್ಳುತ್ತದೆ. ಪ್ರಚಲಿತ ವಾರದ ಅಳತೆ ಹಿಂದಿನ ಏಳು ದಿನಗಳನ್ನು ಮಾತ್ರ ನೋಡುತ್ತದೆ. ಅದರಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಿ. ಜನಗಣತಿಯನ್ನು ಹೋಲಿಸುವುದಾದರೆ ಮೊದಲನೆಯದರೊಂದಿಗೆ, ಅದೂ ಎಲ್ಲ ವಯಸ್ಸಿನವರ ಕೋಷ್ಟಕದೊಂದಿಗೆ ಹೋಲಿಸಬೇಕು.

ಒಂದು ಗಂಟೆಯ ನಿಯಮವೆಂದರೆ ಸರ್ಕಾರಗಳು ನಿರುದ್ಯೋಗವನ್ನು ಮುಚ್ಚಿಡಲು ಹೂಡಿದ ತಂತ್ರವೆಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. 1982ರಲ್ಲಿ ಶ್ರಮ ಸಂಖ್ಯಾಶಾಸ್ತ್ರಜ್ಞರ ಹದಿಮೂರನೆಯ ಅಂತರರಾಷ್ಟ್ರೀಯ ಸಮ್ಮೇಳನ ಅಂಗೀಕರಿಸಿದ ನಿರ್ಣಯದಲ್ಲಿ ಅದು ಬಂದದ್ದು, ಒಂದು ದೇಶದ ಒಟ್ಟು ಉತ್ಪಾದನೆಯ ಲೆಕ್ಕಕ್ಕೆ ಬರುವ ದುಡಿಮೆಯೆಲ್ಲ ಉದ್ಯೋಗದ ಲೆಕ್ಕಕ್ಕೂ ಬರಲೆಂಬ ಉದ್ದೇಶದಿಂದ. ಅಷ್ಟು ಅಲ್ಪ ಕೆಲಸ ಹೊಟ್ಟೆಗೆ ಸಾಕಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ದುಡಿದ ಗಂಟೆಗಳನ್ನೂ ಆದಾಯವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಜನಗಣತಿ ಆ ಎರಡನ್ನೂ ಕೇಳುವುದಿಲ್ಲ.

ಶಿಕ್ಷಕರು ಹೇಳಿದ ಮನೆಬಳಕೆಯ ಹಾಲಿನ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. 2013ರ ಹತ್ತೊಂಬತ್ತನೆಯ ಸಮ್ಮೇಳನ ಕೆಲಸವನ್ನೂ ಉದ್ಯೋಗವನ್ನೂ ಬೇರ್ಪಡಿಸಿತು. ವೇತನಕ್ಕಾಗಿ ಅಥವಾ ಲಾಭಕ್ಕಾಗಿ ಮಾಡುವುದಷ್ಟೇ ಉದ್ಯೋಗ. ಮುಖ್ಯವಾಗಿ ಸ್ವಂತ ಬಳಕೆಗಾಗಿ ಬೆಳೆಯುವುದು, ಹಾಲು ಕರೆಯುವುದು, ಅಡುಗೆ ಮಾಡುವುದು, ಮಕ್ಕಳನ್ನು ನೋಡಿಕೊಳ್ಳುವುದು ಇವೆಲ್ಲ ಕೆಲಸವೇ ಆದರೂ ಸ್ವಬಳಕೆಯ ಉತ್ಪಾದನೆ ಎಂಬ ಬೇರೆ ಬಗೆಯವು. ಆ ಮಾನದಂಡವನ್ನು ಹಾಗೆಯೇ ಅನ್ವಯಿಸಿದರೆ ನಿಮ್ಮ ಪ್ರಶ್ನೆಯ ಮಹಿಳೆಯ ಸ್ಥಿತಿ ಬದಲಾಗುತ್ತದೆ: ಹಾಲನ್ನು ಡೇರಿಗೆ ಹಾಕುತ್ತಿದ್ದರೆ ಅಥವಾ ಹೊಲದ ಫಸಲು ಮುಖ್ಯವಾಗಿ ಮಾರಾಟಕ್ಕಿದ್ದರೆ ಉದ್ಯೋಗಿ, ಎರಡೂ ಮನೆಗೇ ಖರ್ಚಾಗುತ್ತಿದ್ದರೆ ಅಲ್ಲ. ಅಡುಗೆಯನ್ನೂ ಕೆಲಸವೆಂದು ಒಪ್ಪಿದ್ದು ಈ ನಿರ್ಣಯದ ದೊಡ್ಡ ಲಾಭ. ಅದೇ ಉಸಿರಿನಲ್ಲಿ ಹೊಟ್ಟೆಪಾಡಿನ ಬೇಸಾಯಗಾರರನ್ನು ಉದ್ಯೋಗಿಗಳ ಪಟ್ಟಿಯಿಂದ ಹೊರಗಿಟ್ಟದ್ದು ನಮ್ಮಂತಹ ದೇಶದ ಅಂಕಿಗಳಿಗೆ ತೊಡಕಿನ ಸಂಗತಿ. ಮನೆಯೊಳಗಿನ ಇಂತಹ ದುಡಿಮೆಯ ಅಳತೆಯೇ ನಿಮಗೆ ಬೇಕಿದ್ದರೆ 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ. ಅದು ಒಂದು ದಿನದ ಇಪ್ಪತ್ತನಾಲ್ಕು ಗಂಟೆಗಳು ಹೇಗೆ ಕಳೆದವೆಂದು ದಾಖಲಿಸುತ್ತದೆ.

ಇನ್ನು ನಿರುದ್ಯೋಗ. ಕೆಲಸ ಮಾಡದವರಿಗೂ ಅಂಚಿನ ಕೆಲಸಗಾರರಿಗೂ, ಕೆಲಸ ಹುಡುಕುತ್ತಿದ್ದೀರಾ ಅಥವಾ ಸಿಕ್ಕರೆ ಮಾಡಲು ಸಿದ್ಧರಿದ್ದೀರಾ ಎಂಬ ಪ್ರಶ್ನೆಯನ್ನು ಜನಗಣತಿ ಕೇಳುತ್ತದೆ. ಆದರೆ ಹುಡುಕುವವರನ್ನೂ ಸುಮ್ಮನೆ ಸಿದ್ಧರಿರುವವರನ್ನೂ ಒಂದೇ ಪ್ರಶ್ನೆಯಲ್ಲಿ ಬೆಸೆದಿರುವುದರಿಂದಲೂ, ವರ್ಷದ ದುಡಿಮೆಯ ಲೆಕ್ಕಕ್ಕೆ ಇಂದಿನ ಹುಡುಕಾಟದ ಉತ್ತರವನ್ನು ಜೋಡಿಸಿರುವುದರಿಂದಲೂ, ಅದರಿಂದ ಬರುವ ಸಂಖ್ಯೆಯನ್ನು ನಿರುದ್ಯೋಗ ದರವೆಂದು ಕರೆಯಬೇಡಿ. ಕೆಲಸವನ್ನು ಅರಸುವವರು ಎಂದಷ್ಟೇ ಬರೆಯಿರಿ. ಅಂದಹಾಗೆ, ಬಾಡಿಗೆ ಅಥವಾ ಪಿಂಚಣಿಯಿಂದ ನೆಮ್ಮದಿಯಾಗಿ ಬದುಕುವವರೂ ‘ಕೆಲಸ ಮಾಡದವರು’ ಎಂಬ ಗುಂಪಿನಲ್ಲಿಯೇ ಇದ್ದಾರೆ. ಆ ಗುಂಪೆಂದರೆ ಬಡವರ ಗುಂಪು ಎಂದು ಭಾವಿಸಬಾರದು.

ಮರುಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿ

ಮೂವರಿಗೂ ಧನ್ಯವಾದಗಳು. ಇಷ್ಟು ದೋಷಗಳಿರುವಾಗ ಜನಗಣತಿಯ ಉದ್ಯೋಗದ ಅಂಕಿಗಳನ್ನು ಬಿಟ್ಟು ಸಮೀಕ್ಷೆಯನ್ನೇ ನಂಬುವುದು ಸರಿಯಲ್ಲವೇ? ವಾರದ ಅವಧಿಯನ್ನು ಜನಗಣತಿಯೂ ಏಕೆ ಬಳಸಬಾರದು? ನನಗೆ ಬೇಕಾಗಿರುವುದು ಒಂದು ತಾಲ್ಲೂಕಿನಲ್ಲಿ 2001 ಮತ್ತು 2011ರ ನಡುವೆ ಏನು ಬದಲಾಯಿತೆಂಬ ಚಿತ್ರ.

ಉತ್ತರ: ಸಮೀಕ್ಷೆಯ ಕೆಲಸದಲ್ಲಿರುವವಳು

ತಾಲ್ಲೂಕಿನ ಚಿತ್ರ ಬೇಕೆಂದಾಗಲೇ ನಿಮ್ಮ ಆಯ್ಕೆ ಮುಗಿಯಿತು. ಮಾದರಿ ಸಮೀಕ್ಷೆ ರಾಜ್ಯದ ಮಟ್ಟದಲ್ಲಿ ಗಟ್ಟಿಯಾದ ಅಂದಾಜು ಕೊಡುತ್ತದೆ. ಒಂದು ತಾಲ್ಲೂಕಿನಿಂದ ಅದರಲ್ಲಿ ಬೆರಳೆಣಿಕೆಯ ಮನೆಗಳೂ ಇರದೇ ಹೋಗಬಹುದು. ಗ್ರಾಮದವರೆಗೂ, ನಗರದ ವಾರ್ಡಿನವರೆಗೂ ಇಳಿಯಬಲ್ಲದ್ದು ಜನಗಣತಿಯೊಂದೇ. ಅಮೆರಿಕ ಉದ್ಯೋಗದ ಪ್ರಶ್ನೆಗಳನ್ನು ನಿರಂತರ ಮಾದರಿ ಸಮೀಕ್ಷೆಗೆ ಸಾಗಿಸಿದ್ದರಿಂದ ಅಲ್ಲಿಯ 2010ರ ಗಣತಿಯಲ್ಲಿ ಅಂತಹ ಪ್ರಶ್ನೆಯೇ ಇರಲಿಲ್ಲ. ಡೆನ್ಮಾರ್ಕ್ 1981ರಲ್ಲಿಯೇ ಆಡಳಿತ ದಾಖಲೆಗಳಿಂದ ಗಣತಿ ಮಾಡಿತು. ಸಂಬಳದ ಚೀಟಿಯನ್ನೇ ಕಾಣದ ಬಹುಸಂಖ್ಯಾತರಿರುವ ದೇಶದಲ್ಲಿ ಅಂತಹ ದಾಖಲೆಗಳನ್ನು ನೆಚ್ಚಿಕೊಂಡರೆ ದುಡಿಮೆಯ ಬಹುಭಾಗ ಕಾಣದೆ ಹೋಗುತ್ತದೆ.

ವಾರದ ಅವಧಿಗೂ ಅದರದೇ ಅಪಾಯವಿದೆ. ಸಮೀಕ್ಷೆ ವರ್ಷಪೂರ್ತಿ ನಡೆಯುವುದರಿಂದ ಅದರ ವಾರಗಳು ಎಲ್ಲ ಹಂಗಾಮುಗಳಲ್ಲಿ ಹರಡಿಕೊಂಡಿರುತ್ತವೆ. ಹತ್ತು ವರ್ಷಕ್ಕೊಮ್ಮೆ, ಫೆಬ್ರುವರಿಯಲ್ಲಿ ಮಾತ್ರ ನಡೆಯುವ ಗಣತಿಯಲ್ಲಿ ಒಂದೇ ವಾರವನ್ನು ಹಿಡಿದರೆ, ಮುಂಗಾರಿನಲ್ಲಿ ದುಡಿದು ಬೇಸಿಗೆಗೆ ಮೊದಲೇ ಕೆಲಸ ಮುಗಿಸಿದವರೆಲ್ಲ ಮರೆಯಾಗುತ್ತಾರೆ. ಬ್ರಿಟನ್ ಇದನ್ನು ಬೇರೆ ರೀತಿಯಲ್ಲಿ ಅನುಭವಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಗಣತಿಯ ದಿನ ಮಾರ್ಚ್ 21. ಕೋವಿಡ್ ಕಾರಣದಿಂದ ಸರ್ಕಾರದ ನೆರವಿನ ಸಂಬಳದೊಂದಿಗೆ ಮನೆಯಲ್ಲಿದ್ದವರು ತಮ್ಮನ್ನು ‘ತಾತ್ಕಾಲಿಕವಾಗಿ ಕೆಲಸದಿಂದ ದೂರ ಇರುವವರು’ ಎಂದು ಗುರುತಿಸಿಕೊಳ್ಳಬೇಕೆಂದು ಪ್ರತ್ಯೇಕವಾಗಿ ತಿಳಿಸಬೇಕಾಯಿತು. ಆ ಗಣತಿಯ ಉದ್ಯೋಗದ ಅಂಕಿಗಳನ್ನು ಓದುವಾಗ ಆ ವಸಂತವನ್ನು ಮರೆಯುವಂತಿಲ್ಲ.

ಉತ್ತರ: ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ

ನಿಮ್ಮ ಅದೃಷ್ಟಕ್ಕೆ 2001 ಮತ್ತು 2011ರ ನಡುವೆ ಕೆಲಸದ ವ್ಯಾಖ್ಯೆ, ಅವಧಿ, ನಾಲ್ಕು ವರ್ಗಗಳು ಒಂದೇ ಆಗಿವೆ. ಹೋಲಿಕೆಗೆ ಇಷ್ಟು ಅನುಕೂಲವಾದ ಜೋಡಿ ಇನ್ನೊಂದಿಲ್ಲ. ದೇಶದ ಮಟ್ಟದಲ್ಲಿ ಸಾಗುವಳಿದಾರರು 12.73 ಕೋಟಿಯಿಂದ 11.88 ಕೋಟಿಗೆ ಇಳಿದರು, ಕೃಷಿ ಕಾರ್ಮಿಕರು 10.68 ಕೋಟಿಯಿಂದ 14.43 ಕೋಟಿಗೆ ಏರಿ ಅವರನ್ನು ಮೀರಿದರು. ಇದನ್ನು ರೈತರು ಭೂಮಿ ಕಳೆದುಕೊಂಡರು ಎಂದು ಒಂದೇ ಸಾಲಿನಲ್ಲಿ ಓದುವವರಿದ್ದಾರೆ. ಭೂಮಿಯನ್ನು ಇಟ್ಟುಕೊಂಡೇ ವರ್ಷದ ಹೆಚ್ಚಿನ ದಿನ ಕೂಲಿಗೆ ಹೋಗತೊಡಗಿದವರೂ ಅದೇ ರೀತಿ ವರ್ಗ ಬದಲಿಸುತ್ತಾರೆ. ಬಾಯಿಮಾತಿನ ಗೇಣಿಯನ್ನು ಗಣತಿದಾರರ ಮುಂದೆ ಹೇಳಲು ಹಿಂಜರಿದವರೂ ಸಾಗುವಳಿದಾರರ ಪಟ್ಟಿಯಿಂದ ಜಾರಬಹುದು. ನಿಮ್ಮ ತಾಲ್ಲೂಕಿನಲ್ಲಿ ಇವುಗಳಲ್ಲಿ ಯಾವುದು ನಡೆದಿದೆಯೆಂದು ತಿಳಿಯಲು ಕೃಷಿ ಗಣತಿಯ ಹಿಡುವಳಿಗಳ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ನೋಡಿ.

ಉತ್ತರ: ಗಣತಿ ಕೆಲಸ ಮಾಡಿದ ಶಿಕ್ಷಕ

ಇನ್ನೊಂದು ಮಾತು. ಮುಖ್ಯ ಕೆಲಸಗಾರರನ್ನು ಮಾತ್ರ ಹೋಲಿಸಬೇಡಿ; ಮುಖ್ಯ ಮತ್ತು ಅಂಚಿನವರನ್ನು ಕೂಡಿಸಿ ಒಟ್ಟು ನೋಡಿ, ಅನಂತರ ಬೇರ್ಪಡಿಸಿ. ಯಾರೂ ದುಡಿದ ದಿನಗಳನ್ನು ಬರೆದಿಟ್ಟುಕೊಳ್ಳುವುದಿಲ್ಲ. ಬಿತ್ತನೆಗೆ ಇಷ್ಟು, ಕಳೆಗೆ ಇಷ್ಟು, ಕೊಯ್ಲಿಗೆ ಇಷ್ಟು ಎಂದು ಕೂಡಿಸಿ ಐದೂವರೆ ತಿಂಗಳು ಬಂದಾಗ ಒಬ್ಬ ಗಣತಿದಾರರು ಅದನ್ನು ಆರಕ್ಕೆ ಏರಿಸುತ್ತಾರೆ, ಇನ್ನೊಬ್ಬರು ಇದ್ದಹಾಗೆಯೇ ಬರೆಯುತ್ತಾರೆ. ಆರು ತಿಂಗಳ ಆ ಗಡಿ ಅಷ್ಟು ನಂಬಲರ್ಹವಲ್ಲ. ಗ್ರಾಮವಾರು ಅಂಕಿಗಳು ಪ್ರಾಥಮಿಕ ಜನಗಣತಿ ಸಾರಾಂಶದಲ್ಲಿ ಸಿಗುತ್ತವೆ. ವೃತ್ತಿ ಮತ್ತು ಉದ್ಯಮದ ವಿವರಗಳು ‘ಬಿ’ ಸರಣಿಯ ಕೋಷ್ಟಕಗಳಲ್ಲಿವೆ. 2001ರ ನಂತರ ನಿಮ್ಮ ತಾಲ್ಲೂಕನ್ನು ಒಡೆದು ಹೊಸ ತಾಲ್ಲೂಕು ಮಾಡಿದ್ದರೆ, ಗ್ರಾಮಗಳ ಪಟ್ಟಿಯನ್ನು ಮೊದಲು ತಾಳೆ ಮಾಡಿಕೊಂಡು ಆಮೇಲೆ ಲೆಕ್ಕಕ್ಕೆ ಕೈಹಾಕಿ.